ಬಸಮ್ಮ ಎಂಬ ದಪ್ಪಕ್ಷರ

ಅರಸೀಕೆರೆಯಲ್ಲಿ ಬೋರ್ಡ್ ಬರೆಯುವವರು ಬೇಕಾದಷ್ಟು ಜನ ಇದ್ದರು. ಆದರೆ ಪ್ರತಿಮಾಳ ಅಪ್ಪ ಇಂದುಧರನ ದಪ್ಪಕ್ಷರದ ಗತ್ತೇ ಬೇರೆ. ಜಾವಗಲ್ ಬಸ್ಸಿನಲ್ಲಿ ತೂಕಡಿಸುತ್ತಾ ಹೋಗುವವನೂ ಕಣ್ಣು ಬಿಟ್ಟ ಕೂಡಲೇ ಓದಬೇಕು, ಹಾಗಿರುತ್ತಿತ್ತು. ಹಳೇಬೀಡಿನ ಹೋಟೆಲು, ಗಂಡಸಿಯ ಕೊಬ್ಬರಿ ಮಂಡಿ, ಹಗರೆಯ ಹಾಲಿನ ಡೇರಿ, ಎಲ್ಲದರ ನೆತ್ತಿಯ ಮೇಲೂ ಅವನದೇ ಕೈ. ಅಕ್ಷರಕ್ಕೆ ಗಿಡ್ಡ ತಲೆಕಟ್ಟು, ತುಂಬಿದ ಹೊಟ್ಟೆ. ‘ನಿನ್ನ ನೋಡ್ಕಂಡೇ ಕಲ್ತಿದ್ದು ಕಣೇ’ ಎಂದು ಹೆಂಡತಿ ಬಸಮ್ಮನನ್ನು ರೇಗಿಸುತ್ತಿದ್ದ. ಬಸಮ್ಮ ಮೈಕೈ ತುಂಬಿಕೊಂಡಿದ್ದ ಹೆಂಗಸು. ಸೌಟು ಎತ್ತಿ ತೋರಿಸಿ ಬಾಯಿ ಮುಚ್ಚಿಸುತ್ತಿದ್ದಳು.

ಆಮೇಲೆ ಫ್ಲೆಕ್ಸ್ ಬಂತು. ಬಂದ ಮೇಲೆ ಕೇಳಬೇಕೇ? ಬ್ರಷ್ಷುಗಳು ಅಟ್ಟ ಸೇರಿದವು. ಅದರ ಬೆನ್ನಿಗೇ ಸಕ್ಕರೆ ಕಾಯಿಲೆ ಅವನ ಕಣ್ಣಿಗಿಳಿಯಿತು. ಪೇಪರು ಓದುವುದು ನಿಂತಿತು, ಎದುರಿಗೆ ನಿಂತವರ ಮುಖವೂ ಮಸುಕಾಯಿತು. ಇಡೀ ಸೀಮೆಗೆ ಓದಿಸಿದ ಮನುಷ್ಯ ತನಗೆ ಓದಲು ಒಂದಕ್ಷರವಿಲ್ಲದೆ ಜಗಲಿಯ ಮೇಲೆ ಕೂತಿರುತ್ತಿದ್ದ. ಮಗಳು ಪ್ರತಿಮಾಳೋ, ಅಪ್ಪನ ಹೊಟ್ಟೆಯ ಮೇಲೆ ಹೊಡೆದ ಆ ಫ್ಲೆಕ್ಸ್ ಯಂತ್ರದ ಪಕ್ಕದಲ್ಲೇ ಕೂತು ಡಿಸೈನ್ ಮಾಡುವವಳು. ಹಣೆಬರಹ ಹೀಗೂ ಆಟ ಆಡಿಸುತ್ತದೆ ನೋಡಿ.

ಒಮ್ಮೆ ಅಪ್ಪನನ್ನು ಬೇಲೂರಿಗೆ ಮದುವೆಗೆಂದು ಕರೆದೊಯ್ಯುತ್ತಿದ್ದಳು. ಬಸ್ಸು ಹಳೇಬೀಡಿನಲ್ಲಿ ನಿಂತಾಗ ಅವನು ಇದ್ದಕ್ಕಿದ್ದಂತೆ ಕಿಟಕಿಗೆ ಮುಖವೊಡ್ಡಿ ಹೋಟೆಲಿನ ಹಳೇ ಬೋರ್ಡನ್ನು ಗಟ್ಟಿಯಾಗಿ ಓದಿಬಿಟ್ಟ. ಅವನದೇ ಅಕ್ಷರ. ಆಳೆತ್ತರದ್ದು. ಅಪ್ಪನಿಗೆ ಇನ್ನೂ ಕಾಣುವುದು ಇಷ್ಟೇ ಎಂದು ಅವಳಿಗೆ ಗೊತ್ತಾದದ್ದು ಆಗ. ಹಾಗಾದರೆ ಊರು ತುಂಬ ಇದೇ ಅಕ್ಷರ ಹಾಕಿಸುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದಳು.

ರಜೆಯ ದಿನವೆಲ್ಲ ಸ್ಕೂಟರಿನಲ್ಲಿ ಸುತ್ತಿ ಉಳಿದ ಬೋರ್ಡುಗಳ ಫೋಟೋ ಹಿಡಿದಳು. ಒಂದೊಂದೇ ಅಕ್ಷರವನ್ನು ಕಂಪ್ಯೂಟರಿನಲ್ಲಿ ತಿದ್ದಿ ಫಾಂಟ್ ಮಾಡತೊಡಗಿದಳು. ಮೊದಲ ಪ್ರಿಂಟನ್ನು ಗೋಡೆಯುದ್ದಕ್ಕೂ ಅಂಟಿಸಿದರೆ ಅಪ್ಪ ಮುಖ ಸಿಂಡರಿಸಿದ. ದಪ್ಪ ಅಂದರೆ ಬರೀ ಕಪ್ಪಲ್ಲ, ಅಕ್ಷರದ ಹೊಟ್ಟೆಯೊಳಗಿನ ಬಿಳಿ ಉಳಿದರೆ ತಾನೇ ದೂರಕ್ಕೆ ಕಾಣುವುದು ಎಂದು ಬೈದ. ಒತ್ತಕ್ಷರ ಕೆಳಗಿನ ಸಾಲಿಗೆ ಡಿಕ್ಕಿ ಹೊಡೀತದೆ, ಮೇಲೆ ಎಳಿ ಎಂದ. ಅವಳು ಅಳಿಸಿದಳು, ಎಳೆದಳು, ಮತ್ತೆ ಅಂಟಿಸಿದಳು. ಬೈಯುವ ಅಪ್ಪ ವಾಪಸು ಸಿಕ್ಕಿದ್ದೇ ಅವಳಿಗೆ ಹಬ್ಬವಾಗಿತ್ತು.

ಒಂದು ಮಾತನ್ನು ಮಾತ್ರ ಅವನು ಮೆತ್ತಗೆ ಹೇಳಿದ್ದ.

“ಸತ್ತೋರ ಹೆಸರಿಗೆ ಇದನ್ನ ಹಾಕ್ಬೇಡ ಕಣವ್ವ. ತೆಳ್ಳಗೆ ಬರೀಬೇಕು. ಮನೆಯೋರು ದಿನಾ ಅದೇ ದಾರೀಲಿ ಓಡಾಡ್ತಾರೆ. ಹತ್ರ ಹೋಗಿ ಓದೋರಿಗೆ ಕಂಡ್ರೆ ಸಾಕು.”

ಅವಳು ಮೌಸ್ ಆಡಿಸುತ್ತಲೇ ಹ್ಞೂಂಗುಟ್ಟಿದ್ದಳು. ಮರೆತೂಬಿಟ್ಟಳು.

ಫಾಂಟಿಗೆ ‘ಬಸಮ್ಮ’ ಎಂದೇ ಹೆಸರಿಟ್ಟರು. ಅವಳು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯ ಮಾಲೀಕ ರಾಜಶೇಖರನಿಗೆ ಅದು ಎಷ್ಟು ಹಿಡಿಸಿತೆಂದರೆ ಗೃಹಪ್ರವೇಶಕ್ಕೂ ಅದೇ, ಕ್ರಿಕೆಟ್ ಟೂರ್ನಮೆಂಟಿಗೂ ಅದೇ, ಎಳನೀರಿನ ಗಾಡಿಗೂ ಅದೇ. ಸ್ಕೂಟರಿನ ಹಿಂದೆ ಕೂತ ಅಪ್ಪ ಶಾಲೆಗೆ ಸೇರಿದ ಮಗುವಿನ ಹಾಗೆ ದಾರಿಯುದ್ದಕ್ಕೂ ಓದುತ್ತಾ ಬರುತ್ತಿದ್ದ. ನನ್ನ ಹೆಸರನ್ನ ಬೀದಿಗೆ ಎಳೆದ್ರಲ್ಲ ಎಂದು ಬಸಮ್ಮ ಗೊಣಗುತ್ತಿದ್ದಳು, ಬಂದವರಿಗೆಲ್ಲ ಅದನ್ನೇ ಹೇಳುತ್ತಲೂ ಇದ್ದಳು.

ಅಂಥ ಬಸಮ್ಮ ಒಂದು ಬೆಳಿಗ್ಗೆ ಒಲೆಯ ಮುಂದೆ ಕುಸಿದಳು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮುಗಿಸಿ ಬಂದ ಮಾರನೇ ದಿನ ಪ್ರತಿಮಾ ಅಂಗಡಿಗೆ ಹೋಗಿ ತಾನೇ ಬ್ಯಾನರ್ ಮಾಡಿದಳು. ಫೋಟೋದಲ್ಲಿರುವ ಅವ್ವನ ಮುಖವಂತೂ ಅಪ್ಪನಿಗೆ ಕಾಣುವುದಿಲ್ಲ, ಹೆಸರಾದರೂ ಕಾಣಲಿ ಎಂದುಕೊಂಡಳು. ಲಿಂಗೈಕ್ಯ ಬಸಮ್ಮ. ಅಪ್ಪನದೇ ದಪ್ಪಕ್ಷರದಲ್ಲಿ, ಎಷ್ಟು ದೊಡ್ಡದಾಗಿ ಕೂರುತ್ತದೋ ಅಷ್ಟು ದೊಡ್ಡದಾಗಿ. ಜಗಲಿಯ ಎದುರಿಗೇ, ರಸ್ತೆಯಾಚೆಯ ಕಾಂಪೌಂಡಿಗೆ ಕಟ್ಟಿಸಿದಳು. ಪ್ರೀತಿಯಿಂದಲೇ ಮಾಡಿದ್ದು, ಪಾಪ.

ಅವತ್ತಿನಿಂದ ಅಪ್ಪ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತ. ತಟ್ಟೆಗೆ ಹಾಕಿದ ಮುದ್ದೆ ಹಾಗೇ ಆರುತ್ತಿತ್ತು. ದುಃಖವಿರಬೇಕು, ಕಾಲ ಕಳೆದರೆ ಸರಿಹೋದೀತು ಎಂದು ನೆಂಟರು ಹೇಳಿದರು. ಪ್ರತಿಮಾ ಪಕ್ಕದಲ್ಲಿ ಕೂತು, ಯಾಕಪ್ಪ ಹೀಗೆ ಎಂದು ಕೇಳಿದಳು.

“ಕಣ್ಣು ಮುಚ್ಚಿದ್ರೆ ಅವ್ಳು ಅಡುಗೆ ಮನೇಲವ್ಳೆ ಅನ್ಕಬೋದು,” ಎಂದ ಅಪ್ಪ. “ಬಿಟ್ರೆ ಕಣ್ಣು ಅದನ್ನೇ ಓದ್ತೈತೆ. ಬೇರೆ ಏನೂ ಕಾಣಲ್ವಲ್ಲ ನಂಗೆ.”

ಅಪ್ಪ ಮೆತ್ತಗೆ ಹೇಳಿದ್ದ ಮಾತು ಪ್ರತಿಮಾಗೆ ಆಗ ನೆನಪಾಯಿತು. ಓಡಿಹೋಗಿ ಹಗ್ಗ ಬಿಚ್ಚಿದಳು, ಅಂಗಡಿಗೆ ಹೋಗಿ ಕೂದಲೆಳೆಯಂಥ ತೆಳ್ಳನೆಯ ಅಕ್ಷರದಲ್ಲಿ ಬೇರೆ ಬ್ಯಾನರ್ ಮಾಡಿಸಿ ಸಂಜೆಯೊಳಗೆ ಅಲ್ಲೇ ಕಟ್ಟಿದಳು.

ಅಪ್ಪ ಕುರ್ಚಿ ತಿರುಗಿಸಿದ. ಸುಮಾರು ಹೊತ್ತು ಆ ಕಡೆಗೇ ನೋಡಿದ. ಆಮೇಲೆ ಎದ್ದು ಅವಳ ಭುಜ ಹಿಡಿದು ರಸ್ತೆ ದಾಟಿದ.

“ಬರ್ದಿದೀಯಾ?”

“ಬರ್ದಿದೀನಪ್ಪ.”

“ಎಲ್ಲಿ?”

ಅವನು ಅಂಗೈಯಿಂದ ಇಡೀ ಫ್ಲೆಕ್ಸನ್ನು ಸವರಿದ. ಬಣ್ಣದಲ್ಲಿ ಬರೆದಿದ್ದರೆ ಬೆರಳಿಗೆ ಸಿಗುತ್ತಿತ್ತು. ಇದು ಎಲ್ಲ ಕಡೆಯೂ ಒಂದೇ ನುಣುಪು. ಹುಡುಕಿ ಹುಡುಕಿ ಕೈ ಸೋತಿತು. ಪ್ರತಿಮಾ ಅವನ ತೋರುಬೆರಳನ್ನು ಹಿಡಿದು ಅವ್ವನ ಹೆಸರಿನ ಮೇಲೆ ಮೆಲ್ಲಗೆ ಆಡಿಸಿದಳು. ಹಿಂದೆ ಅಪ್ಪ ಅವಳ ಕೈ ಹಿಡಿದು ತಿದ್ದಿಸಿದ್ದೂ ಹೀಗೇ.

ಕೊನೆಯ ಒತ್ತಿಗೆ ಬಂದಾಗ ಬೆರಳು ನಿಂತಿತು.

“ಇಷ್ಟು ತೆಳ್ಳಗಾಗೋದ್ಲಾ ನಿಮ್ಮವ್ವ,” ಎಂದ.

ಅವ್ವ ಹೋದ ಮೇಲೆ ಪ್ರತಿಮಾ ಜೋರಾಗಿ ಅತ್ತದ್ದು ಅಲ್ಲೇ, ಆ ಕಾಂಪೌಂಡಿನ ಮುಂದೆ. ಅಪ್ಪ ಬೆರಳು ತೆಗೆಯಲಿಲ್ಲ. ತೆಗೆದರೆ ಮತ್ತೆ ಎಲ್ಲಿದೆಯೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.