ಸೇದುವುದಿಲ್ಲ ಎಂದವನ ಕೊಲೆಸ್ಟ್ರಾಲ್

ತಪಾಸಣೆಯ ಕೋಣೆಗೆ ಗೋದಾಮಿನ ಮ್ಯಾನೇಜರು ಕಾಲಿಟ್ಟ ಕೂಡಲೇ ನರ್ಸಮ್ಮನ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು? ಆರು ವರ್ಷದ ಹಿಂದೆ ಫ್ಯಾಕ್ಟರಿಯ ಗೋದಾಮಿಗೆ ಬೆಂಕಿ ಬಿತ್ತಲ್ಲ, ಆಗ ಸಿಗರೇಟು ಸೇದಿ ಬಿಸಾಕಿದವನು ಇವನು, ಗೂಬೆ ಕೂರಿಸಿದ್ದು ಅಲ್ಲೇ ಕೆಲಸಕ್ಕಿದ್ದ ಅವಳ ಗಂಡನ ತಲೆ ಮೇಲೆ. 'ನಾನು ಸಿಗರೇಟು ಮುಟ್ಟಿದವನೇ ಅಲ್ಲ' ಎಂದು ಮಾಲೀಕರೆದುರು ಎದೆ ತಟ್ಟಿ ಹೇಳಿದ್ದ, ಪುಣ್ಯಾತ್ಮ. ಅದೇ ಪುಣ್ಯಾತ್ಮ ಆಗೆಲ್ಲ ಗಂಡನ ಗೆಳೆಯನೆಂದು ಬಂದು, ಅವಳ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸಂಜೆಗೆ ನಾಲ್ಕು ಸುಡುತ್ತಿದ್ದ. ತುಂಡುಗಳನ್ನು ಗುಡಿಸಿದವಳು ಅವಳೇ. ಗಂಡನಿಗೆ ಕೆಲಸ ಹೋಯಿತು, ಮಾನ ಹೋಯಿತು. ಇವತ್ತಿಗೂ ಅವರು ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ.

"ಚೆನ್ನಾಗಿದ್ದೀಯಾ ತಂಗೀ?" ಎಂದ ಮ್ಯಾನೇಜರು. ಅಂಗಿಯಿಂದ ಹೊಗೆಯ ವಾಸನೆ ಗಮ್ಮೆನ್ನುತ್ತಿತ್ತು.

"ಇದ್ದೀನಿ ಅಣ್ಣಾ. ಕೂತ್ಕೊಳ್ಳಿ."

ಫ್ಯಾಕ್ಟರಿಯವರ ವಾರ್ಷಿಕ ತಪಾಸಣೆ ಅದು. ರಕ್ತದ ವರದಿ ಬಂದಿತ್ತು. ಕೆಟ್ಟ ಕೊಬ್ಬು ಜಾಸ್ತಿ, ಒಳ್ಳೆಯದು ಕಮ್ಮಿ. ವಯಸ್ಸು, ಬಿ.ಪಿ., ಸಕ್ಕರೆ, ಸಿಗರೇಟು ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟರೆ, ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಆಗುವ ಸಂಭವ ನೂರಕ್ಕೆ ಎಷ್ಟು ಅಂತ ಅದು ಹೇಳುತ್ತದೆ. ಹತ್ತು ದಾಟಿದರೆ ಇಲ್ಲಿ ಕೊಬ್ಬು ಇಳಿಸುವ ಮಾತ್ರೆ ಶುರು ಮಾಡುತ್ತಾರೆ. ನರ್ಸು ಕೇಳಬೇಕು, ಬಂದವರು ಉತ್ತರ ಹೇಳಿ ಸಹಿ ಹಾಕಬೇಕು, ಒಂದು ಪ್ರತಿ ಫ್ಯಾಕ್ಟರಿಗೆ ಹೋಗಬೇಕು.

"ಸಿಗರೇಟು ಸೇದ್ತೀರಾ?"

ಅವನು ಗೋಡೆ ನೋಡಿದ. "ಇಲ್ಲ."

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. "ಇಲ್ಲ ಅಂದ್ರೆ ಏಳು ಬರುತ್ತೆ ನೋಡಿ. ಹೌದು ಅಂದ್ರೆ ಹದಿನಾಲ್ಕು. ಯಾವುದು ಬರೀಲಿ?"

ಮ್ಯಾನೇಜರ ಮುಖ ಸುಣ್ಣವಾಯಿತು. ಹೋದ ವರ್ಷವಷ್ಟೇ ಅವನ ಹಿರಿಯಣ್ಣ ಎದೆ ಹಿಡಿದುಕೊಂಡು ಬಿದ್ದವನು ಏಳಲಿಲ್ಲ.

"ಈ ಕಾಗದ ಮಾಲೀಕರ ಕೈಗೆ ಹೋಗುತ್ತಾ?"

"ಹೋಗುತ್ತೆ."

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಕೊನೆಗೆ 'ಇಲ್ಲ' ಎಂಬುದರ ಕೆಳಗೇ ಸಹಿ ಬಿತ್ತು. ಅವಳ ಆರು ವರ್ಷದ ಸಂಕಟ ಒಂದಿಷ್ಟು ತಣ್ಣಗಾಯಿತು. ಸುಳ್ಳೆನ್ನಬಾರದು, ಹಾಯೆನಿಸಿತು.

ಒಳಗೆ ಡಾಕ್ಟರು ಕಾಗದ ಓದಿ, ಮೂಗು ಅರಳಿಸಿ ಅವನನ್ನೇ ದಿಟ್ಟಿಸಿದರು. "ನಿಜ ಹೇಳಿ. ಸೇದೋದಿದ್ರೆ ಇವತ್ತೇ ಮಾತ್ರೆ ಕೊಡಬೇಕಾಗುತ್ತೆ."

ಅವನು ಮಾಲೀಕರಿಗೆ ಹೋಗುವ ಪ್ರತಿಯತ್ತ ಕಣ್ಣು ಹಾಯಿಸಿದ. ಡಾಕ್ಟರು ಅವಳತ್ತ ತಿರುಗಿದರು. "ಇವರನ್ನ ಅಣ್ಣಾ ಅಂತಿದ್ರಿ, ಪರಿಚಯದವರೇ ಇರಬೇಕು. ನೀವಾದರೂ ಹೇಳಿ."

ಅವನೂ ಅವಳನ್ನು ನೋಡಿದ. ಹೇಳಿಬಿಡು ತಾಯೀ, ನಿನ್ನ ಬಾಯಿಂದಲೇ ಬರಲಿ ಎಂದು ಆ ಕಣ್ಣುಗಳು ಅಂಗಲಾಚುತ್ತಿದ್ದವು. ಒಂದು ಮಾತು ಆಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಂದು ಮಾಲೀಕರೆದುರು ಅವಳ ಗಂಡನೂ ಹೀಗೇ ಇವನ ಮುಖ ನೋಡುತ್ತ ನಿಂತಿದ್ದರು.

"ಇವರು ಸಿಗರೇಟು ಮುಟ್ಟಿದವರೇ ಅಲ್ಲ ಡಾಕ್ಟ್ರೇ," ಎಂದಳು. "ನಂಗೆ ಚೆನ್ನಾಗಿ ಗೊತ್ತು."

ಡಾಕ್ಟರು ಮಾತ್ರೆಯ ಚೀಟಿ ಪಕ್ಕಕ್ಕೆ ಸರಿಸಿ, ದಿನಾ ಅರ್ಧ ಗಂಟೆ ನಡೆಯಿರಿ ಎಂದರು. ಮ್ಯಾನೇಜರು ಎದ್ದು ನಿಂತರೂ ಬಾಗಿಲ ಕಡೆ ಹೋಗಲೊಲ್ಲ.

ಅವಳೇ ಬಾಗಿಲು ತೆರೆದು ಹಿಡಿದಳು. "ಮುಂದಿನ ವರ್ಷ ಬನ್ನಿ ಅಣ್ಣಾ."