ಬಿಸಿನೀರೋ, ತಣ್ಣೀರೋ

ವಕೀಲರ ಮನೆಯ ಕಾರ್ಪೆಟ್ಟನ್ನು ಸಂಜೆಯೊಳಗೆ ತಲುಪಿಸಬೇಕಿತ್ತು. ಕೆನೆ ಬಣ್ಣದ್ದು, ಶುದ್ಧ ಉಣ್ಣೆ. ತೊಳೆದು, ಫ್ಯಾನಿನ ಕೆಳಗೆ ಒಣಗಿಸಿ, ಎಳೆಗಳನ್ನೆಲ್ಲ ಬ್ರಷ್ಷಿನಿಂದ ಒಂದೇ ಕಡೆಗೆ ಬಾಚಿ ಮುಂದಿನ ಕೋಣೆಯಲ್ಲಿ ಹಾಸಿಟ್ಟಿದ್ದೆ. ಸುತ್ತಿ ಕಟ್ಟಲು ಹಗ್ಗ ತರೋಣವೆಂದು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಅದರ ನಟ್ಟನಡುವೆ ಎರಡು ಬೆರಳಗಲದ ಕೆಂಪು ಕಲೆ, ಸುತ್ತ ಸಣ್ಣ ಹನಿಗಳು. ಪಕ್ಕದಲ್ಲಿ ನನ್ನ ಗಂಡ ಬಾಯಿ ಒರೆಸಿಕೊಳ್ಳುತ್ತಾ ನಿಂತಿದ್ದರು.

"ದಾಳಿಂಬೆ ಜ್ಯೂಸು," ಅಂದರು, ನಾನು ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡರು.

"ತೊಳೆದಿಟ್ಟ ಕಾರ್ಪೆಟ್ ಮೇಲೇ ನಿಂತು ಕುಡೀಬೇಕಿತ್ತಾ? ಮನೇಲಿ ಬೇರೆ ಜಾಗ ಇರ್ಲಿಲ್ವಾ?"

"ಕೈ ಜಾರ್ತು ಕಣೇ."

"ಲೋಟ ಎಲ್ಲಿ?"

"ತೊಳೆದಿಟ್ಟೆ."

ಮದುವೆಯಾದಾಗಿನಿಂದ ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುವ ಮಹಾರಾಯರು ಇವತ್ತು ತೊಳೆದಿಟ್ಟರಂತೆ. ಬೇರೆ ದಿನವಾಗಿದ್ದರೆ ಇದನ್ನೇ ಹಿಡಿದು ಒಂದು ವಾರ ಗೇಲಿ ಮಾಡುತ್ತಿದ್ದೆ. ಈಗ ಬಗ್ಗಿ ಆ ಕಲೆಯನ್ನೇ ನೋಡಿದೆ.

ಹೋದ ವರ್ಷ ಇವರಿಗೆ ಶ್ವಾಸಕೋಶದ ಕಾಯಿಲೆಯಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ಮತ್ತೆ ಕೆಮ್ಮಿನಲ್ಲಿ ರಕ್ತ ಕಂಡರೆ ಅವತ್ತೇ ಬನ್ನಿ, ನಾಳೆ ನೋಡೋಣ ಅನ್ನಬೇಡಿ. ಆಮೇಲೆ ಇವರು ಚೇತರಿಸಿಕೊಂಡರು, ಕೆನ್ನೆ ತುಂಬಿತು, ಒದ್ದೆ ಕಾರ್ಪೆಟ್ಟನ್ನು ಹೆಗಲ ಮೇಲೆ ಹೊರುವಷ್ಟಾದರು. ಡಾಕ್ಟರ ಮಾತನ್ನು ನಾವಿಬ್ಬರೂ ಮರೆತವರ ಹಾಗೆ ಇದ್ದೆವು.

ಅಡುಗೆಮನೆಗೆ ಹೋಗಿ ನೀರು ಕಾಯಿಸಲಿಟ್ಟೆ. ಹಣ್ಣಿನ ಕಲೆಗೆ ಬಿಸಿನೀರು, ಜೊತೆಗೆ ಸ್ವಲ್ಪ ವಿನೆಗರ್. ರಕ್ತದ ಕಲೆಗೆ ಮಾತ್ರ ಅಪ್ಪಿತಪ್ಪಿಯೂ ಬಿಸಿನೀರು ಸೋಕಿಸಬಾರದು, ಮೊಟ್ಟೆ ಬೆಂದ ಹಾಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಬ್ರಹ್ಮ ಬಂದರೂ ಹೋಗುವುದಿಲ್ಲ. ಅದಕ್ಕೆ ತಣ್ಣೀರೇ ಗತಿ. ಈ ಕಸುಬಿನಲ್ಲಿ ಇವರಿಗೆ ನಾನು ಮೊದಲು ಕಲಿಸಿದ ಪಾಠವೇ ಇದು. ಹಾಗಾಗಿ ನಾನು ಯಾವ ನೀರು ತಂದರೂ ಇವರಿಗೆ ಅರ್ಥವಾಗುತ್ತದೆ. ತಣ್ಣೀರು ತಂದರೆ ನಿಮ್ಮ ಮಾತು ನಂಬಲಿಲ್ಲ ಅಂದ ಹಾಗೆ.

ಒಲೆ ಆರಿಸಿದೆ. ನಲ್ಲಿ ತಿರುಗಿಸಿ ಬಕೆಟ್ ಹಿಡಿದೆ. ಅದನ್ನು ಚೆಲ್ಲಿ ಮತ್ತೆ ಒಲೆ ಹಚ್ಚಿದೆ. ಕಾಲಿಗೆ ಚಕ್ರ ಕಟ್ಟಿದವರ ಹಾಗೆ ಒಲೆಗೂ ನಲ್ಲಿಗೂ ಓಡಾಡಿದೆ. ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು. ಆದರೆ ಕೇಳಿದರೆ ಉತ್ತರ ಬರುತ್ತದಲ್ಲ, ನನಗೆ ಅದೇ ಭಯ. ಅಷ್ಟರಲ್ಲಿ ವಕೀಲರ ಹೆಂಡತಿಯ ಫೋನು.

"ಎಷ್ಟೊತ್ತಿಗೆ ತರ್ತೀರಮ್ಮಾ? ನೆಂಟರು ಬರೋರಿದ್ದಾರೆ."

"ಇನ್ನೇನು ಹೊರಟ್ವಿ ಅಮ್ಮ," ಅಂದೆ. ಸುಳ್ಳು ಹೇಳುವುದರಲ್ಲಿ ಗಂಡನಿಗೆ ತಕ್ಕ ಹೆಂಡತಿ.

ಕೊನೆಗೆ ಬಿಸಿನೀರನ್ನೇ ತಂದೆ. ನಂಬಿಕೆ ಇತ್ತೆಂದಲ್ಲ. ದಾಳಿಂಬೆಯೇ ಆಗಿರಲಿ ಅನ್ನುವ ಆಸೆ, ಅಷ್ಟೇ. ಇವರು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಬಕೆಟ್ಟಿನಿಂದ ಏಳುತ್ತಿದ್ದ ಹಬೆಯನ್ನೇ ನೋಡುತ್ತಿದ್ದರು. ನಾನು ಮಂಡಿಯೂರಿ ಕೂತು, ಬಿಳಿ ಬಟ್ಟೆ ಅದ್ದಿ ಹಿಂಡಿ ಕಲೆಯ ಹತ್ತಿರ ಒಯ್ದೆ.

"ಬೇಡ," ಅಂದರು.

"ಯಾಕೆ?"

"ಕಚ್ಕೊಂಡ್ಬಿಡುತ್ತೆ. ತಣ್ಣೀರು ತಗೋ."

ಬಟ್ಟೆ ಕೈಯಿಂದ ಬಿತ್ತು. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ನನ್ನನ್ನು ಅಷ್ಟು ಹೊತ್ತು ಒಲೆಗೂ ನಲ್ಲಿಗೂ ಅಲೆದಾಡಿಸಿದರಲ್ಲ ಎಂದು.

"ಇವತ್ತೇ ಮೊದಲಾ?" ಕೇಳಿದೆ.

ಇವರ ಕಣ್ಣು ನಾವು ಮಲಗುವ ಕೋಣೆಯ ಕಡೆ ಹೋಯಿತು. ಅಲ್ಲಿ ಮಂಚದ ಪಕ್ಕ ನಮ್ಮದೇ ಒಂದು ಹಳೆಯ ಕಾರ್ಪೆಟ್ ಇದೆ, ಕಡುಗೆಂಪು ಬಣ್ಣದ್ದು.

"ಅದ್ರ ಮೇಲೆ ಬಿದ್ರೆ ಕಾಣಲ್ಲ," ಅಂದರು ಮೆಲ್ಲಗೆ. "ಕೆಮ್ಮು ಬಂದಾಗೆಲ್ಲ ಅಲ್ಲಿಗೇ ಹೋಗ್ತಿದ್ದೆ. ತಣ್ಣೀರಲ್ಲೇ ಒರೆಸ್ತಿದ್ದೆ, ನೀನು ಹೇಳ್ಕೊಟ್ಟ ಹಾಗೇನೇ. ಇವತ್ತು ಓಡೋಕಾಗ್ಲಿಲ್ಲ."

ಎದ್ದು ಹೋದೆ. ಇನ್ನೊಂದು ಬಿಳಿ ಬಟ್ಟೆಯನ್ನು ತಣ್ಣೀರಿನಲ್ಲಿ ನೆನೆಸಿ ಮಂಚದ ಪಕ್ಕ ಒತ್ತಿ ಹಿಡಿದೆ. ಎತ್ತಿದಾಗ ಬಟ್ಟೆಗೆ ಕಂದು ಬಣ್ಣ ಹತ್ತಿತ್ತು. ಒಂದು ಗೇಣು ಪಕ್ಕಕ್ಕೆ ಸರಿದು ಒತ್ತಿದೆ, ಅಲ್ಲೂ ಕಂದು. ಕಿಟಕಿಯ ಕಡೆಗೆ, ಅಲ್ಲೂ. ದಿನಾ ಬೆಳಿಗ್ಗೆ ಎದ್ದು ನಾನು ಮೊದಲು ಕಾಲಿಡುವುದು ಅಲ್ಲಿಯೇ. ಊರವರ ಮನೆಯ ಕಲೆಗಳನ್ನು ಬಾಗಿಲಲ್ಲಿ ನಿಂತೇ ಗುರುತಿಸುವವಳು ನಾನು. ದೀಪದ ಬುಡದಲ್ಲೇ ಕತ್ತಲೆ.

ಇವರು ಬಾಗಿಲಿಗೆ ಒರಗಿ ನಿಂತಿದ್ದರು. "ಹೋದ್ಸಲ ನಾನು ಆಸ್ಪತ್ರೇಲಿದ್ದಾಗ ನೀನೊಬ್ಳೇ ಎಲ್ಲಾ ಹೊತ್ತೆ. ನಿನ್ನ ಬೆನ್ನು ಬಾಗಿಹೋಗಿತ್ತು. ಅದಕ್ಕೇ ಹೇಳ್ಲಿಲ್ಲ."

"ನನ್ನ ಬೆನ್ನಿನ ಚಿಂತೆ ನಿಮಗ್ಯಾರು ಹಚ್ಚಿದ್ರು?" ಅಂದೆ. ಇನ್ನೂ ನಾಲ್ಕು ಮಾತು ಬೈಯಬೇಕೆಂದಿದ್ದೆ, ಅಳು ಬಂದು ನಿಂತುಹೋಯಿತು. ಕಣ್ಣೊರೆಸಿಕೊಂಡು ಬೀಗ, ಕೀಲಿ ಹುಡುಕಿದೆ. ಬೀಗ ಸಿಕ್ಕಿದರೆ ಕೀಲಿ ಇಲ್ಲ, ಕೀಲಿ ಸಿಕ್ಕಿದರೆ ಆಸ್ಪತ್ರೆಯ ಚೀಟಿ ಇಲ್ಲ. ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು. ಎತ್ತಲಿಲ್ಲ.

"ಚಪ್ಪಲಿ ಹಾಕ್ಕೊಳ್ಳಿ."

"ಈಗ್ಲೇನಾ? ಆ ಕಾರ್ಪೆಟ್ ಮುಗಿಸಿ ಹೋಗೋಣ ಕಣೇ. ಒಣಗಿದ್ರೆ ಕಲೆ ಹೋಗಲ್ಲ, ವಕೀಲ್ರು ನಮ್ಮನ್ನ ಇನ್ಯಾವತ್ತೂ ಕರೆಯಲ್ಲ."

"ಒಣಗ್ಲಿ," ಅಂದೆ.

ಇವರ ತೋಳು ಹಿಡಿದು ಆ ಕೆನೆ ಬಣ್ಣದ ಕಾರ್ಪೆಟ್ಟಿನ ಮೇಲೆಯೇ, ಚಪ್ಪಲಿಗಾಲಲ್ಲಿ, ನಡೆಸಿಕೊಂಡು ಹೊರಗೆ ಬಂದೆ.