ನಂಜಕ್ಕ ಬಗ್ಗಿದ್ದು

"ತಲೆ ಮುಟ್ತೀಯೇನೇ, ಮುದಿ ಮುಂಡೆ!"

ಏಟಿನ ಸದ್ದಿಗೆ ಕೆಂಪಾಜಮ್ಮ ಪೊರಕೆ ಬಿಸಾಡಿ ಓಡಿಬಂದಳು. ನಂಜಕ್ಕ ಗೋಡೆಗೆ ಒರಗಿದ್ದಳು. ಆರತಿ ತಟ್ಟೆ ಬಿದ್ದು ಅವಳ ಬಿಳಿ ಬಟ್ಟೆಯೆಲ್ಲ ಕುಂಕುಮದ ನೀರಾಗಿತ್ತು. ಎದುರಿಗೆ ಇಪ್ಪತ್ತೈದರ ಹುಡುಗ, ಬೆಂಗಳೂರಿನಿಂದ ಆಗಷ್ಟೇ ಬಂದಿಳಿದ ಗೆಸ್ಟು, ಕೂದಲು ಸರಿಮಾಡಿಕೊಳ್ಳುತ್ತ ಬುಸುಗುಡುತ್ತಿದ್ದ.

ಆಗಿದ್ದು ಇಷ್ಟೇ. ಊಟಿ ಹತ್ತಿರದ ಎಮರಾಲ್ಡ್ ದಾರಿಯ ಈ ರೆಸಾರ್ಟಿಗೆ ನೀಲಗಿರಿಯ ಬಡಗರ ಹಳೇ ಮನೆಗಳ ಹಾಗೆ ಗಿಡ್ಡ ಬಾಗಿಲು ಇಟ್ಟಿದ್ದಾರೆ, ಫೋಟೋ ಚೆನ್ನಾಗಿ ಬರುತ್ತದಂತೆ. ಅದೇ ಫೋಟೋಗೆಂದು ಎಪ್ಪತ್ತರ ನಂಜಕ್ಕನನ್ನು ಆ ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಬಡಗರಲ್ಲಿ ಚಿಕ್ಕವರು ಬಂದು ತಲೆ ಬಗ್ಗಿಸುತ್ತಾರೆ, ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಹುಡುಗ ಬಾಗಿಲು ಹಣೆಗೆ ಬಡಿಯದಿರಲೆಂದು ಬಗ್ಗಿದ. ನಂಜಕ್ಕನ ಕೈ ತಾನಾಗಿ ಹೋಯಿತು. ಹುಟ್ಟಿದಾಗಿನ ರೂಢಿಯ ಮುಂದೆ, ಗೆಸ್ಟನ್ನು ಮುಟ್ಟಬಾರದೆಂಬ ಎರಡು ದಿನದ ಟ್ರೇನಿಂಗು ಯಾವ ಮೂಲೆಗೆ?

ಮ್ಯಾನೇಜರ್ ಸಂತೋಷ್‌ಕುಮಾರ್ ಬಿದ್ದಂಬೀಳ ಬಂದ. ಅವನೂ ಬಡಗನೇ, ನಂಜಕ್ಕನ ಪಕ್ಕದ ಹಟ್ಟಿಯವನು. ದಿನಾ ಬೆಳಿಗ್ಗೆ ಹಿತ್ತಲಲ್ಲಿ, ಯಾರೂ ಇಲ್ಲದಾಗ, ಅಜ್ಜಿಯನ್ನು ಕರೆಯುವಂತೆ "ಹೆತ್ತೆ" ಎಂದು ಬಗ್ಗಿ ಹರಸಿಸಿಕೊಳ್ಳುತ್ತಿದ್ದ. ಮುಂಬಾಗಿಲಲ್ಲಿ ಮಾತ್ರ ಅವಳು ಬರೀ "ಏಯ್".

"ಇವಳು ನನ್ನ ಕಾಲಿಗೆ ಬೀಳ್ಬೇಕು," ಎಂದ ಹುಡುಗ, ಮೊಬೈಲು ಎತ್ತಿಹಿಡಿದು. "ಇಲ್ಲಾಂದ್ರೆ ನಿಮ್ ರೆಸಾರ್ಟ್ ಮಾನ ಆನ್‌ಲೈನಲ್ಲಿ ಕಳೀತೀನಿ."

"ಏಯ್, ಬೀಳು. ಇಲ್ಲಾ ನಾಳೆಯಿಂದ ಈ ಕಡೆ ಬರ್ಬೇಡ."

ನಂಜಕ್ಕ ಕೆನ್ನೆ ಒತ್ತಿಕೊಂಡೇ ತಲೆಯಾಡಿಸಿದಳು. "ಬೇಡ ಮಗಾ. ಕೆಲ್ಸ ಹೋದ್ರೆ ಹೋಗ್ಲಿ. ಹಿರೀಕಳು ನಾ ಬಿದ್ರೆ ಆ ಕೂಸಿನ ಆಯುಸ್ಸು ಕಮ್ಮಿ ಆಗುತ್ತೆ. ಪಾಪ, ಹೆತ್ತವಳೊಬ್ಳು ಇರ್ತಾಳೆ."

ಕೆಂಪಾಜಮ್ಮನಿಗೆ ಮೈ ಉರಿದುಹೋಯಿತು. ಹೊಡೆದವನ ಆಯುಸ್ಸಿನ ಚಿಂತೆ ಈ ಹೆಂಗಸಿಗೆ! ಮುಟ್ಟಿದ್ದಕ್ಕೆ ಏಟು ತಿನ್ನುವುದು ಗುಂಡ್ಲುಪೇಟೆ ಕಡೆಯ ತನ್ನ ಕೇರಿಗೆ ಹೊಸದಲ್ಲ. ತನ್ನಪ್ಪ ತಿಂದಿದ್ದ, ತಾನೂ ತಿಂದಿದ್ದಳು. ನಂಜಕ್ಕನಿಗೆ ಇದು ಮೊದಲು.

"ನಿನ್ನ ಕೈ ಸೇದೋಗ! ನಿಮ್ಮಜ್ಜಿ ವಯಸ್ಸಲ್ವೇನ್ಲಾ ಅವ್ಳು?"

"ಮುಚ್ಚೇ ಬಾಯಿ, ಕಸ ಗುಡಿಸೋಳೇ!" ಸಂತೋಷ್‌ಕುಮಾರ್ ಅವಳನ್ನು ನೂಕಿದ. ಹಾಗೇ ತಿರುಗಿ ನಂಜಕ್ಕನ ಕತ್ತಿನ ಹಿಂಭಾಗ ಹಿಡಿದು ಒತ್ತಿದ. ಅವಳು ಸೆಟೆದು ನಿಂತಳು. ಅವನು ಮೊಣಕಾಲಿಗೆ ಒದ್ದ. ಮುದುಕಿಯ ಹಣೆ ಕಲ್ಲಿನ ಮೆಟ್ಟಿಲಿಗೆ ಬಡಿಯಿತು.

"ಅದು ಮೆಟ್ಲು ಕಣ್ರೀ, ಕಾಲಲ್ಲ," ಹುಡುಗ ನಕ್ಕ. "ಸರಿಯಾಗಿ ಬೀಳ್ಸಿ."

ಎತ್ತಲು ಹೋದ ಕೆಂಪಾಜಮ್ಮನ ಕೈಯನ್ನು ನಂಜಕ್ಕ ಸರಿಸಿದಳು. ತಾನೇ ಎದ್ದಳು. ಹುಬ್ಬಿನಿಂದ ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು. ತಲೆಯ ಬಿಳಿ ವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡಳು. ಅವಳ ಕಣ್ಣಲ್ಲಿ ಕೂಸು, ಪಾಪ ಯಾವುದೂ ಉಳಿದಿರಲಿಲ್ಲ. ಹದಿನೈದು ವರ್ಷ ಜೊತೆಗೆ ಕೆಲಸ ಮಾಡಿದ ಕೆಂಪಾಜಮ್ಮನಿಗೇ ಭಯವಾಯಿತು.

"ಕೇಳಿದೆಯಲ್ಲ," ಎಂದಳು ಹುಡುಗನಿಗೆ. "ತಗೋ."

ಯಾರೂ ಮುಟ್ಟದೆ, ತಾನಾಗಿ ಮಂಡಿಯೂರಿದಳು. ರಕ್ತದ ಹಣೆಯನ್ನು ಅವನ ಒಂದು ಬೂಟಿಗೆ ಒತ್ತಿದಳು, ಇನ್ನೊಂದಕ್ಕೆ ಒತ್ತಿದಳು. ಅಡ್ಡಬಿದ್ದವಳು ಬಹಳ ಹೊತ್ತು ಏಳಲಿಲ್ಲ. ಎದ್ದವಳು ಸಂತೋಷ್‌ಕುಮಾರನ ಕಡೆ ತಿರುಗಿದಳು.

ಅವನ ಮುಖ ಸುಣ್ಣವಾಯಿತು. "ಬೇಡ ಹೆತ್ತೆ!" ಮುಂಬಾಗಿಲಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. "ನಿನ್ನ ದಮ್ಮಯ್ಯ, ನಂಗೆ ಬೀಳ್ಬೇಡ!" ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡ. ನಂಜಕ್ಕ ಅವನ ಕಾಲಿಗೂ ಹಣೆ ಹಚ್ಚಿದಳು.

ಅಡುಗೆಮನೆಯಿಂದ ನಂಜಕ್ಕನ ಓರಗೆಯ ಹಾಲಿ ಬಂದಿದ್ದಳು. ನರೆತ ತಲೆಯ ಮಾಲಿ ಭೋಜನ್ ಗುದ್ದಲಿ ಕೆಳಗಿಟ್ಟು ಅವಳ ಹಿಂದೆ ನಿಂತ. ಇಬ್ಬರೂ ಕಾಲಿಗೆ ಬೀಳಲು ತಮ್ಮ ಸರದಿ ಕಾದರು.

"ಏನಿದೆಲ್ಲ? ಸಾಕು, ನಿಲ್ಸಿ ಅವರನ್ನ!" ಹುಡುಗ ಮೊಬೈಲು ಕೆಳಗಿಳಿಸಿದ. ಅವನ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಿರಬೇಕು.

ಕೆಂಪಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಂಗೂ ಅರವತ್ತು ತುಂಬೈತೆ ಕಣ್ಲಾ, ಬೋಳಿಮಗನೆ."

ಬಗ್ಗಿ ಅವನ ಎರಡೂ ಕಾಲು ಹಿಡಿದಳು. ಅವನು ಕಾಲು ಕಿತ್ತುಕೊಳ್ಳಲು ಒದ್ದಾಡಿದ, ಅವಳ ಎದೆಗೆ ಒದ್ದ. ಅವಳು ಬಿಡಲಿಲ್ಲ.